ಸುಭದ್ರಮ್ಮನ ಪಾರ್ಕಿಗೆ ಬಂದ ಹಬ್ಬ

ಅಹಮದಾಬಾದಿನ ನವರಂಗಪುರದಲ್ಲಿ ಜಾಗ ಸಿಗೋದು ಎಷ್ಟು ಕಷ್ಟ ಅಂದ್ರೆ, ಸ್ಕೂಟರ್ ನಿಲ್ಲಿಸೋಕೆ ಜಾಗ ಸಿಕ್ಕಿದವನು ಆ ಖುಷಿಗೆ ಮನೆಗೆ ಜಿಲೇಬಿ ಕಟ್ಟಿಸ್ಕೊಂಡು ಹೋಗ್ತಾನೆ. ಅಂಥ ಕಡೆ ಶೇಷಾದ್ರಿ ಐತಾಳರ ಹೆಂಡತಿ ಸುಭದ್ರಮ್ಮನಿಗೆ ಎರಡು ಗುಡ್ಡ, ಒಂದು ಕೆರೆ, ಉದ್ದಕ್ಕೆ ಸಮುದ್ರದ ದಂಡೆ ಸಮೇತ ಒಂದು ಪಾರ್ಕ್ ಇತ್ತು. ಅವರ ಹೋಟೆಲಿನ ಮಾಳಿಗೆಯಲ್ಲಿ ಅಕ್ಕಿ ಮೂಟೆ, ಹುಣಸೆಹಣ್ಣಿನ ಡಬ್ಬಗಳ ನಡುವೆ ಒಂದು ಹಳೇ ಕಂಪ್ಯೂಟರ್. ಪಾರ್ಕ್ ಇದ್ದದ್ದು ಅದರೊಳಗೆ.

ಕಂಪ್ಯೂಟರ್ ಮಗಳು ಆಶ್ರಿತಾಳದ್ದು. ಅವಳು ಸೂರತ್ತಿನಲ್ಲಿ ಸೀರೆಗೆ ಡಿಸೈನ್ ಮಾಡೋ ಕೆಲಸ ಸಿಕ್ಕಿ ಹೋಗುವಾಗ ಅದನ್ನ ಇಲ್ಲೇ ಬಿಟ್ಟಿದ್ಲು. ಸುಭದ್ರಮ್ಮ ಒಂದಿನ ಧೂಳು ಒರೆಸ್ತಾ ಒರೆಸ್ತಾ ಎಂಥದೋ ಒತ್ತಿದ್ರು. ಗೇಮ್ ಶುರುವಾಯ್ತು. ಜಯಂಟ್ ವೀಲು, ಜಾರುಬಂಡಿ, ತಿಂಡಿ ಅಂಗಡಿ, ದಾರಿ, ಬೆಂಚು ಎಲ್ಲ ನಾವೇ ಕಟ್ಟಬೇಕು. ಕಟ್ಟಿದ ಮೇಲೆ ಬೆರಳುದ್ದದ ಜನ ಟಿಕೆಟ್ ತಗೊಂಡು ಒಳಗೆ ಬರ್ತಾರೆ. ಅವರಿಗೆ ಹಸಿವೆ, ಬಾಯಾರಿಕೆ, ಸುಸ್ತು ಎಲ್ಲ ಉಂಟು. ಮನಸ್ಸಿನಲ್ಲಿ ಇದ್ದದ್ದು ತಲೆ ಮೇಲೆ ಗುಳ್ಳೆಯಾಗಿ ಏಳ್ತದೆ. ಬೇಕಾದವರಿಗೆ ಬೇಕಾದ ಹೆಸರು ಇಡಬಹುದು. ಮೌಸಿನಲ್ಲಿ ಆಡಿಸೋ ಒಂದು ಇಕ್ಕಳ ಉಂಟು, ಅದರಲ್ಲಿ ಒಬ್ಬೊಬ್ಬರನ್ನೇ ಎತ್ತಿ ಎಲ್ಲಿ ಬೇಕಾದ್ರೂ ಇಡಬಹುದು.

ಸುಭದ್ರಮ್ಮ ಅವರನ್ನ ಗಿರಾಕಿಗಳು ಅಂತಲೇ ಕರೀತಿದ್ರು. ಪಾರ್ಕನ್ನ ಹೋಟೆಲ್ ನಡೆಸಿದ ಹಾಗೇ ನಡೆಸಿದ್ರು. ನೀರಿಗೆ ದುಡ್ಡು ಇಲ್ಲ. ನಾಲ್ಕು ಹೆಜ್ಜೆಗೆ ಒಂದು ಬೆಂಚು. ಕಸ ಗುಡಿಸುವವನಿಗೆ ಮಧ್ಯಾಹ್ನ ಮಲಗೋಕೆ ಮರದ ನೆರಳು. ಇಷ್ಟು ಅನುಕೂಲ ಕಂಡು ಗಿರಾಕಿಗಳು ಮನೆಗೆ ಹೋಗೋದನ್ನೇ ಮರೆತುಬಿಟ್ರು. ಕೆಲವರು ವರ್ಷಗಟ್ಟಲೆ ಒಳಗೇ ಇದ್ರು. ಅವರ ಮನೆಯಲ್ಲಿ ಯಾರೂ ಹುಡುಕಿಕೊಂಡು ಬರಲಿಲ್ಲ, ಅದೊಂದು ಪುಣ್ಯ.

ಹೆಸರು ಇಡೋದು ಅವರಿಗೆ ದೊಡ್ಡ ಚಟ. ಕೆಳಗೆ ಹೋಟೆಲಿನಲ್ಲಿ ಯಾರಾದ್ರೂ ಸಾಂಬಾರಿಗೆ ಬೆಲ್ಲ ಕಮ್ಮಿ ಅಂತ ಮುಖ ಹುಳಿ ಮಾಡಿದ್ರೆ, ಮಧ್ಯಾಹ್ನ ಅದೇ ಹೆಸರಿನವನು ಮೇಲೆ ಜಯಂಟ್ ವೀಲಿನ ತುದಿಯಲ್ಲಿ ಸಿಕ್ಕಿಹಾಕ್ಕೊಂಡಿರ್ತಿದ್ದ. ದಿನಾ ಊಟಕ್ಕೆ ಬರೋ ಪಟೇಲ್ ಕಾಕಾ ಹಾಗೆ ಒಂದಿಡೀ ವಾರ ಸಿಕ್ಕಿಕೊಂಡಿದ್ರು. ಅದೇ ವಾರ ಕಾಕಾ ಗಲ್ಲಾದ ಹತ್ತಿರ ಬಂದು, "ಬೆನ್, ಯಾಕೋ ತಲೆ ತಿರುಗ್ತದೆ" ಅಂದ್ರು. ಸುಭದ್ರಮ್ಮ ಒಂಚೂರೂ ನಗದೆ, "ಬಿಸಿಲು ಕಾಕಾ, ಬಿಸಿಲು" ಅಂತ ಹೇಳಿ ಮಜ್ಜಿಗೆ ಕೊಡಿಸಿದ್ರು. ಮಧ್ಯಾಹ್ನ ಮೇಲೆ ಹೋಗಿ ವೀಲು ಬಿಡಿಸಿದ್ರು. ಮಾರನೇ ದಿನ ಕಾಕಾನ ತಲೆ ಸರಿ ಹೋಯ್ತು.

ಪಾರ್ಕಿನ ನಡುಮಧ್ಯೆ ಸುಭದ್ರಮ್ಮ ಒಂದು ದೊಡ್ಡ ಬಯಲಿಗೆ ಬೇಲಿ ಹಾಕಿ ಖಾಲಿ ಬಿಟ್ಟಿದ್ರು. ಅದು ಹಬ್ಬದ ಪ್ಯಾಕಿಗೆ. ಗೇಮ್ ಮಾಡಿದ ಕಂಪನಿಯವರು ಹೊಸದಾಗಿ ಒಂದು ಪ್ಯಾಕ್ ತರ್ತೇವೆ ಅಂದಿದ್ರು. ಇದ್ದ ಪಾರ್ಕಿಗೇ ಅದನ್ನ ಸೇರಿಸಿದ್ರೆ ದೀಪದ ಸರ, ಗುಂಪಿನಲ್ಲಿ ಕುಣಿಯೋ ಅಂಗಳ, ಗಾಳಿಪಟ, ಬಾಣಬಿರುಸು, ಮಿಠಾಯಿ ಅಂಗಡಿ ಎಲ್ಲ ಸಿಗ್ತದಂತೆ. ಇವತ್ತು ನಾಳೆ ಅಂತ ಅದು ಮುಂದೆ ಮುಂದೆ ಹೋಗ್ತಾನೇ ಇತ್ತು. ಆಶ್ರಿತಾ ಮುಂಚೆಯೇ ಬುಕ್ ಮಾಡಿ, "ಬಂದ ದಿನ ನಾನೇ ಬಂದು ಹಾಕಿಕೊಡ್ತೇನೆ ಅಮ್ಮ, ಪಕ್ಕಾ" ಅಂದಿದ್ಲು.

ಪ್ಯಾಕ್ ಬಂದದ್ದು ಭಾದ್ರಪದದಲ್ಲಿ. ಸುಭದ್ರಮ್ಮ ಹೋದದ್ದು ವೈಶಾಖದಲ್ಲಿ. ಅಹಮದಾಬಾದಿನ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾದ ಒಂದು ಮಧ್ಯಾಹ್ನ, ಗಲ್ಲಾದಲ್ಲಿ ಕೂತಲ್ಲೇ, ಎದೆ ಹಿಡ್ಕೊಂಡು.

ಶೇಷಾದ್ರಿ ಐತಾಳರು ಕ್ರಿಯಾಕರ್ಮ ಎಲ್ಲ ತಾವೇ ಮಾಡಿದ್ರು. ಅದು ಮುಗಿದ ಮೇಲೆ ಅವರಿಗೆ ಹೆಂಡತಿಗಾಗಿ ಮಾಡೋಕೆ ಏನೂ ಉಳೀಲಿಲ್ಲ. ತಿಂಗಳಿಗೊಂದು ಮಾಸಿಕ ಶ್ರಾದ್ಧ, ಅದು ಒಂದು ದಿನದ ಕೆಲಸ. ಉಳಿದ ದಿನಗಳಲ್ಲಿ ಮಾಡಬಹುದಾದದ್ದು ಒಂದೇ: ಮಾಡದೇ ಇರೋದು. ವರ್ಷ ತುಂಬೋ ತನಕ ಮನೆಯಲ್ಲಿ ಹಬ್ಬ ಇಲ್ಲ ಅಂತ ಉಂಟಲ್ಲ, ಅದನ್ನ ಅವರು ಹೋಟೆಲ್ ನಡೆಸಿದಷ್ಟೇ ಶಿಸ್ತಿನಿಂದ ನಡೆಸಿದ್ರು. ಗೌರಿ ಇಲ್ಲ, ಚೌತಿ ಇಲ್ಲ, ಎಲೆಗೆ ಸಿಹಿ ಇಲ್ಲ, ಹೊಸ ಬನಿಯನ್ ಸಹ ಇಲ್ಲ. ಹಳೆಯದರಲ್ಲಿ ತೂತುಗಳು ಒಂದಕ್ಕೊಂದು ಸೇರಿಕೊಳ್ತಾ ಬಂದ್ರೂ ಇಲ್ಲ.

ಹೀಗಿರುವಾಗ ಒಂದು ಶನಿವಾರ ಆಶ್ರಿತಾ ಸೂರತ್ತಿನಿಂದ ಬಂದ್ಲು. ಅಪ್ಪನಿಗೆ ಏನೂ ಹೇಳದೆ ಮಾಳಿಗೆ ಹತ್ತಿ ಪ್ಯಾಕ್ ಹಾಕಿ, ಸ್ನಾನಕ್ಕೆ ಹೋದ್ಲು.

ಮಧ್ಯಾಹ್ನ ಹೋಟೆಲಿನ ಬಾಗಿಲು ಎಳೆದು ಐತಾಳರು ಮೇಲೆ ಬಂದು ನೋಡ್ತಾರೆ, ಹೆಂಡತಿಯ ಪಾರ್ಕಿನ ತುಂಬ ಹಬ್ಬಕ್ಕೆ ತಯಾರಿ! ಬೆಂಚಿಗೆ ದೀಪದ ಸರ, ಟಾಯ್ಲೆಟ್ಟಿಗೆ ತೋರಣ. ಖಾಲಿ ಬಯಲಿನಲ್ಲಿ ಕುಣಿಯೋ ಅಂಗಳ ಎದ್ದು ನಿಂತಿದೆ. "ಇನ್ನು ಸ್ವಲ್ಪ ಹೊತ್ತಿನಲ್ಲಿ ಹಬ್ಬ ಶುರು" ಅಂತ ಪರದೆಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರ.

ಸಾವಾದ ಮನೆಯಲ್ಲಿ ಹಬ್ಬಕ್ಕೆ ಜನ ಬಂದು ನಿಂತ್ರೆ ಹೋಟೆಲಿನವರು ಏನು ಮಾಡ್ತಾರೆ? ಶಟರ್ ಎಳೀತಾರೆ. ಐತಾಳರೂ ಹುಡುಕಿದ್ರು. ಮೂಲೆಯಲ್ಲಿ ಗೇಟಿನ ಚಿತ್ರ ಕಂಡಿತು. ಒತ್ತಿದ್ರು. ಪಾರ್ಕ್ ಮುಚ್ಚಿತು. ಎಲ್ಲ ಗಿರಾಕಿಗಳೂ ಒಟ್ಟಿಗೇ ತಿರುಗಿ ಗೇಟಿನ ಕಡೆ ನಡೆಯೋಕೆ ಶುರು ಮಾಡಿದ್ರು. ಐತಾಳರಿಗೆ ಒಂಥರಾ ಸಮಾಧಾನ ಆಯ್ತು.

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದ ಆಶ್ರಿತಾ ಒಂದೇ ಸಲ ಕಿರುಚಿದ್ಲು.

"ಅಪ್ಪಯ್ಯ! ಏನು ಮಾಡಿದ್ರಿ!"

"ಎಂತ ಮಾಡಿದೆ? ಬಾಗಿಲು ಹಾಕಿದೆ. ವರ್ಷಾಂತಿಕ ಆಗೋ ತನಕ ಇಲ್ಲಿ ಹಬ್ಬ ಇಲ್ಲ."

"ಅವರೆಲ್ಲ ಹೋಗ್ತಿದಾರೆ! ಹೋದವರು ವಾಪಸ್ ಬರಲ್ಲ. ಗೇಟ್ ದಾಟಿದ್ರೆ ಖತಮ್. ಆಮೇಲೆ ಬರೋದು ಬೇರೆ ಜನ, ಹೆಸರೇ ಇಲ್ಲದ ಜನ!"

ಅವಳು ಬಗ್ಗಿ ಏನೋ ಒತ್ತಿದ್ಲು. ಪಾರ್ಕ್ ಇದ್ದ ಹಾಗೇ ನಿಂತುಬಿಟ್ಟಿತು. ಗೇಟಿನ ಹತ್ತಿರ ದೊಡ್ಡ ಸಾಲು, ಒಂದು ಕಾಲು ಎತ್ತಿದವರು ಎತ್ತಿದ ಹಾಗೇ. ಆದರೆ ಸಾಲಿನ ಮುಂದೆ ಇದ್ದವರು ಆಗಲೇ ಹೋಗಿಯಾಗಿತ್ತು. ಆಶ್ರಿತಾ ಹೆಸರುಗಳನ್ನ ಹುಡುಕಿದ್ಲು. ಪಟೇಲ್ ಕಾಕಾ ಇರ್ಲಿಲ್ಲ. ಹಾಲಿನವನು ಇರ್ಲಿಲ್ಲ. ದಿನಾ ಎರಡು ಸಲ ಚಟ್ನಿ ಕೇಳ್ತಿದ್ದ ಬ್ಯಾಂಕಿನ ಮೇಡಂ ಇರ್ಲಿಲ್ಲ.

"ಹಿಂದೆ ಇದ್ದದ್ದಕ್ಕೆ ಹೋಗೋಕೆ ಆಗೋದಿಲ್ವಾ?" ಐತಾಳರ ಸ್ವರ ಸಣ್ಣದಾಗಿತ್ತು.

"ಆಗಲ್ಲ. ಅಮ್ಮ ಯಾವಾಗಲೂ ಒಂದರ ಮೇಲೇ ಸೇವ್ ಮಾಡ್ತಿದ್ರು. ನೀವು ಗೇಟ್ ಹಾಕಿದ ಕೂಡ್ಲೇ ಅದು ತಾನೇ ಸೇವ್ ಮಾಡ್ಕೊಂಡಿದೆ."

"ಹಾಗಾದ್ರೆ ಆ ಹಬ್ಬ ತೆಗೆದುಬಿಡು. ಗೇಟು ತೆಗೆಯುವ."

"ಪ್ಯಾಕ್ ಈ ಪಾರ್ಕಿನೊಳಗೆ ಕೂತಾಗಿದೆ. ಈಗ ಅದನ್ನ ತೆಗೆದ್ರೆ ಪಾರ್ಕೇ ಓಪನ್ ಆಗಲ್ಲ. ಇರೋದು ಎರಡೇ ದಾರಿ ಅಪ್ಪಯ್ಯ. ಗೇಟ್ ತೆಗೆದು ಹಬ್ಬ ನಡೆಸೋದು. ಇಲ್ಲ ಅಂದ್ರೆ ಹೀಗೇ ನಿಲ್ಲಿಸಿಡೋದು."

"ಹೀಗೇ ಇರ್ಲಿ."

"ಅಮ್ಮ ಇದಕ್ಕೋಸ್ಕರ ಎಷ್ಟು ದಿನ ಕಾದ್ರು ಗೊತ್ತಾ ನಿಮಗೆ?"

"ಅವಳು ಇಲ್ಲ ಅಂತಲೇ ಹಬ್ಬ ಇಲ್ಲ ಮಗಾ. ಅಷ್ಟೂ ಗೊತ್ತಾಗೋದಿಲ್ವಾ ನಿಂಗೆ? ಗುಜರಾತಿನಲ್ಲಿ ಹುಟ್ಟಿ ಬೆಳೆದದ್ದಕ್ಕೆ ಹೀಗೆ."

ಆಶ್ರಿತಾ ಸಂಜೆಯ ಗಾಡಿಗೇ ಸೂರತ್ತಿಗೆ ಹೋದ್ಲು. "ರೀಚ್ಡ್" ಅಂತ ಒಂದು ಶಬ್ದದ ಮೆಸೇಜು ಬಂತು. ಆಮೇಲೆ ಅದೂ ಇಲ್ಲ.

ಸೋಮವಾರ ಪಟೇಲ್ ಕಾಕಾ ಊಟಕ್ಕೆ ಬರಲಿಲ್ಲ. ಹೋಟೆಲ್ ಶುರುವಾದಂದಿನಿಂದ ಒಂದಿನ ತಪ್ಪಿಸಿದವರಲ್ಲ ಅವರು. ಮಂಗಳವಾರವೂ ಇಲ್ಲ. ತಾನೇ ಬೆರಳಿನಲ್ಲಿ ಒತ್ತಿ ಒಬ್ಬ ಮನುಷ್ಯನನ್ನ ಲೋಕದಿಂದ ಆಚೆ ಕಳಿಸಿದೆ ಅಂತ ಐತಾಳರು ಮನಸ್ಸಿನಲ್ಲೇ ಲೆಕ್ಕ ಹಾಕಿದ್ರು. ಬುಧವಾರ ಕಾಕಾ ಬಾಗಿಲಲ್ಲಿ ಕಂಡಾಗ ಎದ್ದು ಹೋಗಿ ಅವರ ಕೈ ಹಿಡ್ಕೊಂಡು ಬಿಡಲೇ ಇಲ್ಲ.

"ಅರೆ, ನರೋಡಾದಲ್ಲಿ ಮಗನ ಕಾರ್ಖಾನೆಯಲ್ಲಿ ಬಾಯ್ಲರ್ ಪೂಜೆ ಇತ್ತು ಭಾಯ್," ಅಂತ ಕಾಕಾ ಕೈ ಬಿಡಿಸ್ಕೊಂಡ್ರು. "ಸಾಂಬಾರ್ ಕೊಡಿ. ಬೆಲ್ಲ ಹಾಕಿದ್ದಾ ಇವತ್ತಾದ್ರೂ?"

ಐತಾಳರು ಆ ದಿನ ಕಾಕಾನ ಬಟ್ಟಲಿಗೆ ತಾವೇ ಬೆಲ್ಲ ತುರಿದು ಹಾಕಿದ್ರು. ಅಡುಗೆಯ ಸೀತಾರಾಮ ಒಲೆಯ ಹತ್ತಿರ ನಿಂತು ಇದನ್ನ ನೋಡಿ, ಯಜಮಾನರಿಗೆ ಮೈ ಸರಿ ಇಲ್ಲ ಅಂತ ತೀರ್ಮಾನ ಮಾಡಿದ.

ಅಲ್ಲಿಂದ ದಿನಾ ಮಧ್ಯಾಹ್ನ ಐತಾಳರು ಮಾಳಿಗೆಗೆ ಹೋಗಿ ಆ ನಿಂತ ಪಾರ್ಕಿನ ಎದುರು ಕೂತುಕೊಳ್ಳೋದು. ಜಯಂಟ್ ವೀಲು ಅರ್ಧ ತಿರುಗಿ ನಿಂತದ್ದು. ಒಬ್ಬನ ಕೈಯಿಂದ ಬಿದ್ದ ಐಸ್‌ಕ್ರೀಮು ನೆಲ ಮುಟ್ಟದೆ ನಡುವೆ ನಿಂತದ್ದು. ಕಾರಂಜಿಯ ನೀರು ಮೇಲೆಯೇ ಉಳಿದದ್ದು. ಮುಟ್ಟೋಕೆ ಹೆದರಿಕೆ. ನೋಡೋದು, ಎದ್ದು ಬರೋದು. ಕರೆಂಟ್ ಹೋದ್ರೆ ಇರೋದೂ ಹೋಗ್ತದೋ ಏನೋ ಅಂತ ಇನ್ವರ್ಟರಿನ ವೈರನ್ನ ಹೋಟೆಲಿನ ಫ್ರಿಜ್ಜಿನಿಂದ ಕಿತ್ತು ಕಂಪ್ಯೂಟರಿಗೆ ಕೊಟ್ಟಿದ್ರು. ಹಾಲು ಎರಡು ಸಲ ಒಡೆದುಹೋಯ್ತು. ಪಾರ್ಕ್ ಒಡೀಲಿಲ್ಲ.

ಮುಂದಿನ ಮಾಸಿಕ ವಡೋದರಾದಲ್ಲಿ, ಅಣ್ಣ ಮಾಧವ ಐತಾಳರ ಮನೆಯಲ್ಲಿ. ಅವರದ್ದೂ ಹೋಟೆಲೇ, ಸ್ಟೇಷನ್ನಿನ ಹತ್ತಿರ. ಶಾಸ್ತ್ರದಲ್ಲಿ ಅವರು ಎಷ್ಟು ಬಿಗಿ ಅಂದ್ರೆ, ಗ್ರಹಣದ ದಿನ ಹಾಲು, ಹಿಟ್ಟು, ಉಪ್ಪಿನಕಾಯಿಗೆ ದರ್ಭೆ ಇಟ್ಟ ಮೇಲೆ ವೈಫೈ ಡಬ್ಬಿಗೂ ಒಂದು ಎಳೆ ಇಟ್ಟಿದ್ರು. ಆ ದಿನ ಇಡೀ ಬೀದಿಗೆ ನೆಟ್ ಹೋಗಿತ್ತು, ಮಾಧವ ಐತಾಳರ ಮನೆಯಲ್ಲಿ ಮಾತ್ರ ಇತ್ತು ಅಂತ ಅಕ್ಕಪಕ್ಕದವರು ಈಗಲೂ ಹೇಳ್ತಾರೆ.

ಶೇಷಾದ್ರಿ ಐತಾಳರು ಅಹಮದಾಬಾದಿನಿಂದ ಬಂದ್ರು. ಆಶ್ರಿತಾ ಸೂರತ್ತಿನಿಂದ ಬಂದ್ಲು. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪಿಂಡ ಆಯ್ತು, ಬ್ರಾಹ್ಮಣರ ಊಟ ಆಯ್ತು, ಮನೆಯವರ ಊಟವೂ ಆಯ್ತು. ಎಲೆ ಎತ್ತಿದ ಮೇಲೆ ಮಾಧವ ಐತಾಳರು ವೀಳ್ಯದ ತಟ್ಟೆ ಎಳೆದುಕೊಂಡು, "ನೀವಿಬ್ಬರು ಮಾತು ಬಿಟ್ಟದ್ದು ಎಂತಕ್ಕೆ?" ಅಂದ್ರು.

ಆಶ್ರಿತಾ ಹೇಳಿದ್ಲು. ಕನ್ನಡದಲ್ಲಿ ಶುರು ಮಾಡಿ, ಸಿಟ್ಟು ಬಂದಲ್ಲಿ ಹಿಂದಿಗೆ ಹೋಗಿ, ಅಳು ಬಂದಲ್ಲಿ ಗುಜರಾತಿಗೆ ಹೋಗಿ, ಕೊನೆಗೆ ಇಂಗ್ಲಿಷಿನಲ್ಲಿ ಮುಗಿಸಿದ್ಲು. ಮಾಧವ ಐತಾಳರು ನಡುವೆ ಬಾಯಿ ಹಾಕದೆ ಕೇಳಿದ್ರು. ವೀಡಿಯೋ ಗೇಮಿಗೆ ಎಂಥ ಸೂತಕ ಮಾರಾಯ ಅಂತ ಅವರು ನಗಬಹುದು ಅಂತ ತಮ್ಮನಿಗೆ ಭಯ ಇತ್ತು. ಅವರು ನಗಲಿಲ್ಲ. ಅಡಿಕೆ ಹೋಳನ್ನ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದ್ರು.

"ಶೇಷ, ಚೌತಿ ದಿನ ನಿನ್ನ ಹೋಟೆಲಿನಲ್ಲಿ ಕಡುಬು ಮಾಡಿದ್ಯೋ ಇಲ್ವೋ?"

"ಮಾಡಿದೆ ಅಣ್ಣಯ್ಯ. ಗಿರಾಕಿಗಳು ಕೇಳ್ತಾರಲ್ಲ."

"ನೀನು ತಿಂದ್ಯಾ?"

"ಛೆ, ನಾನು ಹೇಗೆ ತಿನ್ನೋದು?"

"ಅಡುಗೆಮನೆಯಲ್ಲಿ ಕಡುಬಿನ ಹಬೆ ಬಂತಲ್ಲ, ಅದರಿಂದ ಏನಾದ್ರೂ ಮೈಲಿಗೆ ಆಯ್ತಾ?"

"ಇಲ್ಲ."

"ಮತ್ತೆ? ನಮ್ಮ ಅಪ್ಪಯ್ಯ ಹೋದ ವರ್ಷ ದೀಪಾವಳಿಗೆ ನಾನು ಹೋಳಿಗೆ ಬೇಯಿಸಿ ಬೇಯಿಸಿ ಕೈ ಸುಟ್ಟುಕೊಂಡಿದ್ದೆ, ಒಂದು ಚೂರು ಬಾಯಿಗೆ ಹಾಕಿರಲಿಲ್ಲ. ನಮಗೆ ಹಬ್ಬ ಇಲ್ಲ ಅಂತ ಗಿರಾಕಿಗೆ ಹಬ್ಬ ಇಲ್ಲ ಅಂತ ಯಾವ ಹೋಟೆಲಿನವನು ಹೇಳಿದ್ದು? ಬಡಿಸೋದು ಬಡಿಸಬೇಕು. ಸುಭದ್ರೆ ಹೆಸರಿಟ್ಟವರಲ್ಲಿ ಗಿರಾಕಿಗಳು ಎಷ್ಟು, ಮನೆಯವರು ಎಷ್ಟು?"

"ಮನೆಯವರೂ ಇದಾರೆ ದೊಡ್ಡಪ್ಪ," ಅಂದ್ಲು ಆಶ್ರಿತಾ. "ನೀವೂ ಇದೀರಿ. ನೀಲಿ ಟೋಪಿ."

ಮಾಧವ ಐತಾಳರು ಒಂದು ಕ್ಷಣ ಅಡಿಕೆ ಅಗಿಯೋದು ನಿಲ್ಲಿಸಿದ್ರು. "ನಂಗೆ ಯಾರೂ ಹೇಳಲೇ ಇಲ್ಲ," ಅಂದ್ರು. ಆಮೇಲೆ, "ಮನೆಯವರನ್ನ ಆರಿಸಿ ಬೇರೆ ಕೂರಿಸಿ. ಹಬ್ಬದ ಬಯಲಿಗೆ ಬಿಡಬೇಡಿ. ಉಳಿದವರಿಗೆ ಗೇಟು ತೆಗೀರಿ" ಅಂತ ಅಪ್ಪಣೆ ಕೊಟ್ಟು ಎದ್ದು ಕೈ ತೊಳೆಯೋಕೆ ಹೋದ್ರು.

ಮಾರನೇ ದಿನ ಭಾನುವಾರ. ಅಪ್ಪ ಮಗಳು ಅಹಮದಾಬಾದಿನಲ್ಲಿ, ಮಾಳಿಗೆಯಲ್ಲಿ, ಪರದೆಯ ಎದುರು. ನವರಾತ್ರಿ ಶುರುವಾಗಿತ್ತು. ಎದುರಿನ ಮೈದಾನದಲ್ಲಿ ಗರ್ಬಾಕ್ಕೆ ಮೈಕು ಕಟ್ಟುವವರು "ಹಲೋ, ಹಲೋ" ಅಂತ ಹಗಲಿಡೀ ಕರೀತಿದ್ರು, ಯಾರೂ ಓಗೊಡ್ತಿರ್ಲಿಲ್ಲ. ಬೆಳಗ್ಗೆಯಿಂದ ಕೂತವರು ಕೂತೇ ಇದ್ರು. ಕೆರೆಯ ಆಚೆ ಒಂದು ಜಾಗಕ್ಕೆ ಬೇಲಿ ಹಾಕಿ, ಬೆಂಚು, ನೀರು, ಟಾಯ್ಲೆಟ್ಟು, ಒಂದು ಇಡ್ಲಿ ಅಂಗಡಿ ಇಟ್ಟದ್ದಾಯ್ತು. ಐತಾಳರು ಹೆಸರು ಓದೋದು, ಆಶ್ರಿತಾ ಇಕ್ಕಳದಲ್ಲಿ ಎತ್ತಿ ಅಲ್ಲಿಗೆ ಇಡೋದು. ಮಾಧವ ಐತಾಳರು ವಡೋದರಾದಿಂದ ಫೋನಿನಲ್ಲಿ, ಸ್ಪೀಕರ್ ಹಾಕಿ.

"ಅಣ್ಣಯ್ಯ, ಸಾಲಿಗ್ರಾಮದ ನಾರಾಯಣ?"

"ದಾಯಾದಿ. ಕೂರಿಸು."

"ಸೋದರತ್ತೆಯ ಮಗಳು ವಿಂಧ್ಯಾ?"

"ಅವಳು ಕೊಟ್ಟ ಹೆಣ್ಣು, ಗೋತ್ರ ಬೇರೆ. ಬಿಡು, ಕುಣೀಲಿ. ಮದುವೆಯಲ್ಲಿ ಕುಣಿದದ್ದು ಕಂಡಿದ್ದೇನೆ, ಈಗ ಬೇಡ ಅಂದ್ರೂ ಕೇಳುವವಳಲ್ಲ."

"ನೀಲಿ ಟೋಪಿ ಸಿಕ್ತು ದೊಡ್ಡಪ್ಪ. ರೋಲರ್‌ಕೋಸ್ಟರ್ ಹತ್ತಿ ಕೂತಿದೀರಿ, ಇನ್ನೂ ಇಳಿದಿಲ್ಲ."

"ನಾನಾ? ಅಷ್ಟು ಎತ್ತರದ್ದಕ್ಕಾ? ಇಳಿಸು, ಇಳಿಸು, ಮೊದಲು ಇಳಿಸು. ಬಿಪಿ ಉಂಟು."

ಸೀತಾರಾಮ ಚಹಾ ತಂದವನು ಬಾಗಿಲಲ್ಲೇ ನಿಂತು ನೋಡ್ತಾ ಇದ್ದ. ಅವನದ್ದೂ ಹೆಸರು ಬಂತು. "ಇವನು ಮನೆಯವನಲ್ಲ, ಹಬ್ಬಕ್ಕೆ ಬಿಡು" ಅಂದ್ರು ಐತಾಳರು.

ಸೀತಾರಾಮ ಲೋಟ ಕೆಳಗಿಟ್ಟ. "ನನ್ನನ್ನೂ ಆಚೆ ಕೂರಿಸಿ ಯಜಮಾನ್ರೇ. ಅಮ್ಮ ಹೋದ ಮೇಲೆ ನಾನೂ ಸಿಹಿ ತಿಂದಿಲ್ಲ" ಅಂತ ಹೇಳಿ, ಉತ್ತರಕ್ಕೆ ಕಾಯದೆ ಇಳಿದುಹೋದ. ಆಶ್ರಿತಾ ಅವನನ್ನ ಎತ್ತಿ ಇಡ್ಲಿ ಅಂಗಡಿಯ ಪಕ್ಕದ ಬೆಂಚಿಗೆ ಇಟ್ಲು. ಫೋನಿನ ಆಚೆಯಿಂದಲೂ ಯಾರೂ ಬೇಡ ಅನ್ನಲಿಲ್ಲ.

ಐತಾಳರಿಗೆ ತಮ್ಮ ಹೆಸರೂ ಸಿಕ್ಕಿತು. ಕೆಂಪು ಅಂಗಿ, ಬೋಳು ತಲೆ. ಸುಭದ್ರಮ್ಮ ಅವನನ್ನ ಪಾರ್ಕಿನ ಅತಿ ತಂಪಾದ ಜಾಗದಲ್ಲಿ, ಕಾರಂಜಿಯ ಪಕ್ಕ ಇಟ್ಟಿದ್ರು. ಇವರು ಹುಟ್ಟಿದಂದಿನಿಂದ ಗಲ್ಲಾದಲ್ಲಿ ಬೆವರಿದವರು. ಆಶ್ರಿತಾ ಅವನನ್ನೂ ಎತ್ತಿ ಬೇಲಿಯ ಒಳಗೆ ಇಟ್ಲು.

ಅದರ ಕೆಳಗಿನ ಸಾಲಿನಲ್ಲಿ ಇನ್ನೊಂದು ಹೆಸರು. ಐತಾಳರು ಓದೋಕೆ ಬಾಯಿ ತೆರೆದವರು ಓದಲಿಲ್ಲ. ಆಶ್ರಿತಾನೇ ಬಗ್ಗಿ ನೋಡಿದ್ಲು.

"ಅಮ್ಮ," ಅಂದ್ಲು.

ಹಳದಿ ಬಟ್ಟೆ ಹಾಕಿದ ಬೆರಳುದ್ದದ ಹೆಂಗಸು. ಖಾಲಿ ಬಿಟ್ಟಿದ್ದ ಬಯಲಿನ ಬೇಲಿಗೆ ತಾಗಿ ಒಂದೇ ಒಂದು ಬೆಂಚು, ಅದರಲ್ಲಿ ಕೂತಿದ್ಲು. ಗೇಟು ಮುಚ್ಚಿದಾಗ ಎಲ್ಲರೂ ಎದ್ದು ಹೊರಟಿದ್ರಲ್ಲ, ಇವಳು ಎದ್ದಿರಲಿಲ್ಲ. ಬಾಗಿಲು ತೆಗೆದ ಕೂಡ್ಲೇ ಮೊದಲು ಒಳಗೆ ಹೋಗಬೇಕು ಅಂತ ಸುಭದ್ರಮ್ಮ ತನಗೇ ಜಾಗ ಹಿಡಿದಿಟ್ಟುಕೊಂಡಿದ್ರು, ಊಟದ ಪಂಕ್ತಿಯಲ್ಲಿ ಟವೆಲ್ ಹಾಸಿ ಹಿಡಿದ ಹಾಗೆ.

ಫೋನಿನಲ್ಲಿ ಮಾಧವ ಐತಾಳರು, "ಎಂತಾಯ್ತು? ಯಾಕೆ ಎಲ್ಲ ಸುಮ್ಮನಾದ್ರಿ?" ಅಂದ್ರು.

"ಅಣ್ಣಯ್ಯ," ಅಂದ್ರು ಶೇಷಾದ್ರಿ ಐತಾಳರು. "ಸುಭದ್ರೆ ಉಂಟು ಇದರಲ್ಲಿ. ಅವಳನ್ನ ಎಲ್ಲಿ ಕೂರಿಸೋದು?"

ಫೋನಿನ ಆಚೆ ವಡೋದರಾ ಸ್ಟೇಷನ್ನಿನಿಂದ ಯಾವುದೋ ಗಾಡಿ ಹೊರಟ ಸದ್ದು ಕೇಳಿಸಿತು. ಶಾಸ್ತ್ರ ಹೇಳೋದರಲ್ಲಿ ಎಂದೂ ತಡವರಿಸದ ಮನುಷ್ಯ ಎರಡು ಸಲ ಗಂಟಲು ಸರಿ ಮಾಡಿಕೊಂಡ್ರು.

"ಹೋದವರಿಗೆ ಸೂತಕ ಇಲ್ಲ ಶೇಷ. ಅದು ನಮಗೆ. ಅವಳು ಹೋಗ್ಲಿ ಹಬ್ಬಕ್ಕೆ" ಅಂತ ಹೇಳಿ ಫೋನ್ ಇಟ್ಟುಬಿಟ್ರು.

ಐತಾಳರೇ ಗೇಟು ತೆಗೆದ್ರು. ಪಾರ್ಕ್ ಚಲಿಸೋಕೆ ಶುರುವಾಯ್ತು. ಕಾರಂಜಿಯ ನೀರು ಬಿತ್ತು, ಐಸ್‌ಕ್ರೀಮು ನೆಲ ಮುಟ್ಟಿತು. ಗೇಟಿನ ಸಾಲಿನಲ್ಲಿ ನಿಂತವರು ಹಿಂದೆ ತಿರುಗಿದ್ರು. ಆಕಾಶ ಕಪ್ಪಾಯ್ತು, ದೀಪ ಹೊತ್ತಿತು. ಬಯಲಿನ ಬೇಲಿ ಸರಿಯಿತು. ಹಳದಿ ಬಟ್ಟೆಯವಳು ಬೆಂಚಿನಿಂದ ಎದ್ದು ಎಲ್ಲರಿಗಿಂತ ಮೊದಲು ಒಳಗೆ ಹೋದ್ಲು.

ಅವಳ ತಲೆ ಮೇಲೆ ಏಳೋ ಗುಳ್ಳೆಗಳನ್ನ ಆಶ್ರಿತಾ ಓದಿ ಓದಿ ಹೇಳಿದ್ಲು. "ದೀಪ ಬಹಳ ಚಂದ ಇದೆ." ಆಮೇಲೆ, "ಇಲ್ಲಿ ಎಷ್ಟು ಚೊಕ್ಕವಾಗಿಟ್ಟಿದಾರೆ." ಆಮೇಲೆ ಮಿಠಾಯಿ ಅಂಗಡಿಯ ಎದುರು ನಿಂತು, "ಇದಕ್ಕೆ ಇಷ್ಟು ದುಡ್ಡಾ?" ಐತಾಳರು ನಕ್ಕುಬಿಟ್ರು, ಹೆಂಡತಿ ಹೋದ ಮೇಲೆ ಮೊದಲನೇ ಸಲ. ಅವಳು ಕುಣಿಯೋ ಅಂಗಳದಲ್ಲಿ ಎರಡು ಸುತ್ತು ಬಂದ್ಲು. ಗಾಳಿಪಟ ನೋಡಿದ್ಲು. ಬಾಣಬಿರುಸು ಹಾರಿದಾಗ ಎಲ್ಲರ ಜೊತೆ ಕತ್ತು ಎತ್ತಿದ್ಲು. ಕೆರೆಯ ಆಚೆ ಬೇಲಿಯೊಳಗೆ ದಾಯಾದಿಗಳು ಸಾಲಾಗಿ ಕೂತು ಇಡ್ಲಿ ತಿಂತಾ ಇದ್ರು. ಕೆಂಪು ಅಂಗಿಯವನು ಮಾತ್ರ ಬೇಲಿ ಹಿಡ್ಕೊಂಡು ನಿಂತಿದ್ದ.

ಸ್ವಲ್ಪ ಹೊತ್ತಿನಲ್ಲಿ ಹೊಸ ಗುಳ್ಳೆ. ಆಶ್ರಿತಾ ಓದಲಿಲ್ಲ. ಐತಾಳರಿಗೆ ಅಷ್ಟು ಇಂಗ್ಲಿಷು ಬರ್ತಿತ್ತು. ಸುಸ್ತಾಗಿದೆ. ಮನೆಗೆ ಹೋಗಬೇಕು.

ಹಳದಿ ಬಟ್ಟೆ ಗೇಟಿನ ಕಡೆ ತಿರುಗಿತು.

ಆಶ್ರಿತಾ ತಟ್ಟನೆ ಇಕ್ಕಳ ಹಿಡಿದು ಅವಳನ್ನ ಎತ್ತಿ ವಾಪಸ್ ಬೆಂಚಿಗೆ ಇಟ್ಲು. ಅವಳು ಕೂತುಕೊಳ್ಳಲಿಲ್ಲ. ಮತ್ತೆ ಅದೇ ದಾರಿ ಹಿಡಿದು, ಬಯಲು ದಾಟಿ, ವೀಲು ದಾಟಿ, ನಿಧಾನ ನಡೆದು ಬಂದ್ಲು. ಮುಖ ಸ್ವಲ್ಪ ಸಪ್ಪಗಾಗಿತ್ತು. ಆಶ್ರಿತಾ ಇನ್ನೊಂದು ಸಲ ಎತ್ತಿದ್ಲು. ಈ ಸಲ ಕೆಳಗಿಡದೆ ಗಾಳಿಯಲ್ಲೇ ಹಿಡಿದಳು. ಹಳದಿ ಬಟ್ಟೆಯವಳು ಕಾಲು ಆಡಿಸ್ತಾ ನೇತಾಡಿದ್ಲು.

"ಗೇಟ್ ಹತ್ರ ಬಂದಾಗೆಲ್ಲ ಎತ್ತಿ ಇಡಬಹುದು ಅಪ್ಪಯ್ಯ. ರೋಜ್, ದಿನಾ. ನಾನು ಸೂರತ್ತಿಗೆ ಹೋದ ಮೇಲೆ ನೀವು ಇಡಿ. ಅಷ್ಟು ಮಾಡಿದ್ರೆ ಅವರು ಯಾವತ್ತೂ ಹೋಗಲ್ಲ."

ಐತಾಳರು ಪರದೆಗೆ ಮುಖ ಹತ್ತಿರ ತಂದು ನೋಡಿದ್ರು. ಆಡೋ ಆ ಕಾಲುಗಳು. ಅಷ್ಟು ದೂರ ಎರಡು ಸಲ ನಡೆದು ಬಂದವು.

"ಬೇಡ ಮಗಾ," ಅಂದ್ರು. "ಸುಸ್ತು ಅಂತ ಬಾಯಿ ಬಿಟ್ಟು ಹೇಳ್ತಾ ಇದ್ದಾಳೆ. ಇದ್ದಾಗ ಒಂದಿನ ಹಾಗೆ ಹೇಳಿದವಳಲ್ಲ. ಇಳಿಸು. ಗೇಟಿನ ಹತ್ತಿರವೇ ಇಳಿಸು, ಮತ್ತೆ ನಡೆಸಬೇಡ."

ಆಶ್ರಿತಾಳ ಕೈ ಅಲ್ಲಾಡಲಿಲ್ಲ. ಐತಾಳರು ತಮ್ಮ ಕೈಯನ್ನ ಅವಳ ಕೈ ಮೇಲೆ ಇಟ್ರು. ಮೌಸು ಒಂದೇ, ಕೈ ಎರಡು. ಇಕ್ಕಳ ಮೆಲ್ಲ ಇಳೀತು, ಗೇಟಿನಿಂದ ಸ್ವಲ್ಪ ಈಚೆ, ದಾರಿಯ ಮೇಲೆ.

"ಒಂದು ನಿಮಿಷ," ಅಂದ್ರು ಐತಾಳರು. "ನಿಲ್ಲಿಸು ಅದನ್ನ."

ಪಾರ್ಕ್ ನಿಂತಿತು. ಅವರೇ ಇಕ್ಕಳ ಹಿಡಿದು ಕೆರೆಯ ಆಚೆ ಹೋಗಿ, ತಡವಿ ತಡವಿ, ನಾರಾಯಣನನ್ನ ತಪ್ಪಿ ಎತ್ತಿ ಮತ್ತೆ ಇಟ್ಟು, ಕೆಂಪು ಅಂಗಿಯವನನ್ನ ಎತ್ತಿಕೊಂಡು ಬಂದ್ರು.

"ದೊಡ್ಡಪ್ಪ ಬೈತಾರೆ," ಅಂದ್ಲು ಆಶ್ರಿತಾ, ಮೂಗು ಒರೆಸ್ಕೊಂಡು.

"ಗೇಟು ಹಬ್ಬದ ಬಯಲಿನಿಂದ ಆಚೆ ಉಂಟು. ಬಾಗಿಲ ತನಕ ಬಂದು ಕಳಿಸೋಕೆ ಯಾವ ಸೂತಕ?"

ಪಾರ್ಕ್ ಮತ್ತೆ ಹೊರಟಿತು. ಹಳದಿ ಬಟ್ಟೆಯವಳು ಮುಂದೆ, ಕೆಂಪು ಅಂಗಿಯವನು ಪಕ್ಕಕ್ಕೆ. ಆ ಬೊಂಬೆಗಳಿಗೆ ಒಬ್ಬರ ಗುರುತು ಒಬ್ಬರಿಗೆ ಇಲ್ಲ. ಆದ್ರೂ ದಾರಿ ಕಿರಿದು, ಹಾಗಾಗಿ ಒಟ್ಟಿಗೇ ನಡೆದ ಹಾಗೆ ಕಂಡಿತು. ಗೇಟಿನ ಹತ್ತಿರ ಅವನು ನಿಂತ. ಅವಳು ನಿಲ್ಲಲಿಲ್ಲ. ಪರದೆಯ ಅಂಚಿಗೆ ಬಂದ್ಲು, ಅರ್ಧ ಕಂಡ್ಲು, ಆಮೇಲೆ ಕಾಣಲಿಲ್ಲ. ಹೆಸರುಗಳ ಸಾಲಿನಲ್ಲಿ ಒಂದು ಹೆಸರು ಹೋಗಿ ಕೆಳಗಿನದ್ದು ಮೇಲೆ ಬಂತು.

ಆಶ್ರಿತಾ ಅಪ್ಪನ ಭುಜಕ್ಕೆ ಹಣೆ ಒತ್ತಿ ಅತ್ತಳು. ಐತಾಳರು ಅವಳ ತಲೆ ತಡವುತ್ತಾ ಪರದೆ ನೋಡ್ತಾನೇ ಇದ್ರು. ಕೆಂಪು ಅಂಗಿಯವನು ಗೇಟಿನ ಎದುರು ಬಹಳ ಹೊತ್ತು ನಿಂತಿದ್ದ. ಕೊನೆಗೆ ಅವನ ತಲೆ ಮೇಲೂ ಒಂದು ಗುಳ್ಳೆ ಎದ್ದಿತು.

"ಏನಂತೆ ಅವನಿಗೆ?" ಅಂದ್ರು ಐತಾಳರು. ಕಣ್ಣು ಮಂಜಾಗಿ ಓದೋಕೆ ಆಗಲಿಲ್ಲ.

ಆಶ್ರಿತಾ ತಲೆ ಎತ್ತಿ ನೋಡಿದ್ಲು. "ಹಸಿವಾಗಿದೆ ಅಂತೆ."

ಕೆಂಪು ಅಂಗಿಯವನು ತಿರುಗಿ, ಹಬ್ಬದ ಬಯಲಿನ ಕಡೆ ಹೋಗದೆ, ಕೆರೆಯ ಸುತ್ತು ದಾರಿ ಹಿಡಿದು ಇಡ್ಲಿ ಅಂಗಡಿಯ ಕಡೆ ನಡೆದ.

"ಅಪ್ಪಯ್ಯ, ನೀವು ಬೆಳಗ್ಗೆಯಿಂದ ಏನಾದ್ರೂ ತಿಂದ್ರಾ?"

"ಇಲ್ಲ," ಅಂದ್ರು ಐತಾಳರು. "ನೀನು?"

"ನಾನೂ ಇಲ್ಲ."

ಕೆಳಗೆ ಸೀತಾರಾಮ ಸಂಜೆಯ ಒಲೆ ಹಚ್ಚಿದ ಸದ್ದು ಕೇಳಿಸಿತು. ಇಬ್ಬರೂ ಎದ್ದರು.